ಜೋಡಿ ಕಾಲುಚೀಲದ ಲೆಕ್ಕಾಚಾರ

ಚಿತ್ತಾರದ ಕಾಲುಚೀಲವನ್ನು ಕೈಯಲ್ಲಿ ಹೆಣೆಯುವುದು ಕಲೆಯೆಂದು ಲೋಕರೂಢಿ. ಕಡ್ಡಿ ಹಿಡಿದು ಕುಳಿತವರಿಗೆ ಮಾತ್ರ ಅದು ಅಂಕಗಣಿತವೆಂದು ಮೊದಲ ಸಂಜೆಯೇ ಗೊತ್ತಾಗುತ್ತದೆ. ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ: ಎರಡು ಬಣ್ಣದ ಸಣ್ಣೆಳೆ ಉಲ್ಲನ್, ಎರಡೂ ತುದಿ ಚೂಪಾಗಿರುವ ಐದು ಕಡ್ಡಿ, ಒಂದು ಟೇಪು, ಚೌಕುಳಿ ಕಾಗದ. ಎಣಿಸುವಾಗ ಮಾತನಾಡಿಸದ ಮನೆಮಂದಿಯೂ ಬೇಕು. ಇದೊಂದು ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ.

ಕಾಲುಚೀಲ ಬಹಳ ಹಳೆಯ ಉಡುಪು. ಈಜಿಪ್ಟಿನಲ್ಲಿ ಸಿಕ್ಕಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಕೆಂಪು ಉಣ್ಣೆಯ ಜೋಡಿಗೆ ಸಾವಿರದ ಐನೂರು ವರ್ಷ ದಾಟಿದೆ. ಅದರಲ್ಲಿ ಹೆಬ್ಬೆರಳಿಗೆ ಬೇರೆ ಕೋಣೆ, ಉಳಿದ ನಾಲ್ಕಕ್ಕೆ ಸೇರಿ ಒಂದು ಕೋಣೆ. ನಡುವಿನ ಸಂದಿ ಚಪ್ಪಲಿಯ ಉಂಗುಷ್ಠದ ಪಟ್ಟಿಗೆ. ಚಪ್ಪಲಿಯ ಜತೆ ಕಾಲುಚೀಲ ತೊಡುವ ತಾತಂದಿರನ್ನು ಕಂಡು ನಗುವ ಮೊಮ್ಮಕ್ಕಳು ಗಮನಿಸಬೇಕಾದ ಸಂಗತಿಯಿದು. ಆ ಜೋಡಿಯನ್ನು ಒಂಟಿ ಸೂಜಿಯಿಂದ ಗಂಟು ಸುತ್ತುವ ಬೇರೊಂದು ವಿಧಾನದಲ್ಲಿ ಮಾಡಲಾಗಿದೆ. ಕಡ್ಡಿಗಳಿಂದ ಹೆಣೆದ ನೀಲಿ-ಬಿಳಿ ಹತ್ತಿಯ ಚಿತ್ತಾರದ ಚೀಲಗಳು ಅದೇ ಈಜಿಪ್ಟಿನಲ್ಲಿ ಕೆಲವು ಶತಮಾನಗಳ ನಂತರ ಕಾಣಿಸಿಕೊಂಡವು. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರವನ್ನೇ ಕಟ್ಟಿದ. ಮೊದಲನೆಯ ಎಲಿಜಬೆತ್ ರಾಣಿ ಅದಕ್ಕೆ ಪೇಟೆಂಟ್ ಕೊಡಲಿಲ್ಲ. ಯಂತ್ರ ಮಾತ್ರ ಉಳಿದುಕೊಂಡಿತು. ಅಂದರೆ ಕೈಹೆಣಿಗೆಗೆ ‘ಬೇರೆ ದಾರಿಯಿಲ್ಲ’ ಎಂಬ ಸಬೂಬು ತಪ್ಪಿಹೋಗಿ ನಾನೂರು ವರ್ಷ ಕಳೆದಿವೆ.

ನಮ್ಮ ದೇಶದಲ್ಲಿ ಈ ವಿದ್ಯೆ ಬೇರೂರಿದ ಒಂದು ಜಾಗ ಹಿಮಾಚಲ ಪ್ರದೇಶದ ಲಾಹೌಲ್. ಅಲ್ಲಿನ ಕೇಲಾಂಗ್‌ಗೆ 1850ರ ದಶಕದಲ್ಲಿ ಜರ್ಮನಿಯ ಮೊರೇವಿಯನ್ ಪಂಥದ ಮಿಷನರಿಗಳು ಬಂದರು. ಅವರಲ್ಲೊಬ್ಬರ ಮಡದಿ ಮರಿಯಾ ಹೈಡೆ ಊರ ಹೆಂಗಸರಿಗೆ ಹೆಣಿಗೆ ಕಲಿಸಿದರು. ಮಿಷನರಿಗಳ ಬೋಧನೆಗೆ ಅಷ್ಟಾಗಿ ಕಿವಿಗೊಡದ ಕಣಿವೆ ಕಾಲುಚೀಲವನ್ನು ಮಾತ್ರ ತಕರಾರಿಲ್ಲದೆ ಸ್ವೀಕರಿಸಿತು. ಹತ್ತು ಸಾವಿರ ಅಡಿ ಎತ್ತರದಲ್ಲಿ ಪರಲೋಕದ ಚಿಂತೆಗಿಂತ ಪಾದದ ಚಿಂತೆ ಮೊದಲು. 2020ರಲ್ಲಿ ಅಟಲ್ ಸುರಂಗ ತೆರೆಯುವವರೆಗೂ ರೋಹ್ತಾಂಗ್ ಕಣಿವೆಮಾರ್ಗ ಹಿಮಕ್ಕೆ ಮುಚ್ಚಿದರೆ ತಿಂಗಳುಗಟ್ಟಲೆ ಹೊರಗಿನ ಸಂಪರ್ಕವಿರಲಿಲ್ಲ. ಹೊಲದ ಕೆಲಸವೂ ಇಲ್ಲದ ಆ ದಿನಗಳು ಹೆಣಿಗೆಗೆ ಹೇಳಿ ಮಾಡಿಸಿದವು. ಲಾಹೌಲಿ ಕಾಲುಚೀಲ ಮತ್ತು ಕೈಗವಸುಗಳಿಗೆ ಈಗ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ನಂಜನಗೂಡಿನ ರಸಬಾಳೆ, ಚನ್ನಪಟ್ಟಣದ ಗೊಂಬೆಗಳಿರುವ ಗೌರವದ ಪಟ್ಟಿಯಲ್ಲಿ ಕಾಲಿಗೆ ಹಾಕುವ ವಸ್ತುವೂ ಜಾಗ ಹಿಡಿದಿದೆ.

ಕಾಲುಚೀಲವನ್ನು ಮೇಲಿನ ಪಟ್ಟಿಯಿಂದಲೂ ಆರಂಭಿಸಬಹುದು, ಬೆರಳ ತುದಿಯಿಂದಲೂ ಆರಂಭಿಸಬಹುದು. ಎರಡೂ ಪಂಗಡದವರು ತಮ್ಮದೇ ಸರಿಯೆನ್ನುತ್ತಾರೆ. ಇಲ್ಲಿ ವಿವರಿಸಿರುವುದು ಮೇಲಿನಿಂದ ಕೆಳಗಿಳಿಯುವ ಕ್ರಮ.

ಮೊದಲ ಕೆಲಸ ನೂಲಿನ ಆಯ್ಕೆ. ಬರೀ ಉಣ್ಣೆ ಹಿಮ್ಮಡಿಯಲ್ಲಿ ಬೇಗ ಸವೆಯುವುದರಿಂದ ಮುಕ್ಕಾಲು ಪಾಲು ಉಣ್ಣೆಗೆ ಕಾಲು ಪಾಲು ನೈಲಾನ್ ಸೇರಿದ ನೂಲನ್ನು ಹೆಚ್ಚಾಗಿ ಬಳಸುತ್ತಾರೆ. ಕಡ್ಡಿಯ ದಪ್ಪ ಸುಮಾರು 2.5 ಮಿ.ಮೀ. ಇದರಲ್ಲಿ ಹೆಣೆದರೆ 10 ಸೆಂ.ಮೀ. ಅಗಲಕ್ಕೆ 32 ಕುಣಿಕೆ ಬಂದೀತು. ಬಂದೀತೋ ಇಲ್ಲವೋ ತಿಳಿಯಲು ಮೊದಲು ಮಾದರಿ ತುಂಡೊಂದನ್ನು ಹೆಣೆಯಬೇಕೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಬಹುತೇಕ ಯಾರೂ ಹೆಣೆಯುವುದಿಲ್ಲ. ಹಾಗೆ ಹೆಣೆಯದವರ ಪಾಲಿಗೆ ಮೊದಲ ಕಾಲುಚೀಲವೇ ಮಾದರಿ ತುಂಡಾಗಿ ಪರಿಣಮಿಸುತ್ತದೆ.

ಪಾದದ ಸುತ್ತಳತೆ 24 ಸೆಂ.ಮೀ. ಇದ್ದರೆ ಚೀಲ 22ರ ಆಸುಪಾಸಿನಲ್ಲಿರಬೇಕು; ತುಸು ಬಿಗಿಯಿದ್ದರೇ ಅದು ಕಾಲ ಮೇಲೆ ನಿಲ್ಲುವುದು. ಇದಕ್ಕೆ ಒಪ್ಪುವ ಸಂಖ್ಯೆ 72. ಹೆಣಿಗೆಯವರಿಗೆ ಈ ಸಂಖ್ಯೆಯ ಮೇಲೆ ವಿಶೇಷ ಮಮತೆ. 72ನ್ನು 2, 3, 4, 6, 8, 9, 12 ಎಲ್ಲವೂ ನಿಶ್ಶೇಷವಾಗಿ ಭಾಗಿಸುತ್ತವೆ. ಹಾಗಾಗಿ 12 ಕುಣಿಕೆಯ ನಕ್ಷತ್ರ ಸುತ್ತಲೂ ಆರು ಬಾರಿ ತುಂಡಾಗದೆ ಕೂರುತ್ತದೆ. 10 ಕುಣಿಕೆಯ ಹೂವನ್ನು ಮೆಚ್ಚಿಕೊಂಡವರು ಒಂದೋ ಹೂವನ್ನು ಬಿಡಬೇಕು, ಇಲ್ಲವೇ ಕಾಲನ್ನು ಬದಲಿಸಬೇಕು.

72 ಕುಣಿಕೆಗಳನ್ನು ಎತ್ತಿ ನಾಲ್ಕು ಕಡ್ಡಿಗೆ 18ರಂತೆ ಹಂಚಿ, ಸುರುಳಿ ತಿರುಚಿಲ್ಲವೆಂದು ನೋಡಿಕೊಂಡು ಸುತ್ತು ಜೋಡಿಸಬೇಕು. ಐದನೆಯದು ಹೆಣೆಯುವ ಕಡ್ಡಿ. ಮೊದಲ ಕೆಲವು ಸುತ್ತು ಇದು ಮುಳ್ಳುಹಂದಿಯ ಮರಿಯನ್ನು ಅಂಗೈಯಲ್ಲಿ ಹಿಡಿದಂತೆ. ಕಾಲಿಂಚು ಬಟ್ಟೆ ಬೆಳೆದ ಮೇಲೆ ಅದು ಸಾಧುವಾಗುತ್ತದೆ. ಎರಡು ಸೀದಾ ಎರಡು ಉಲ್ಟಾ ಕ್ರಮದಲ್ಲಿ ಐದಾರು ಸೆಂ.ಮೀ. ಪಟ್ಟಿ ಮುಗಿದರೆ ಚಿತ್ತಾರ ಶುರು.

ಚೌಕುಳಿ ಕಾಗದದಲ್ಲಿ ಒಂದು ಚೌಕ ಒಂದು ಕುಣಿಕೆ. ಒಂದು ಸುತ್ತಿನಲ್ಲಿ ಎರಡೇ ಬಣ್ಣ. ಸರದಿ ಬಂದ ಬಣ್ಣ ಮುಂದೆ ಕುಣಿಕೆಯಾಗುತ್ತದೆ, ಸರದಿ ತಪ್ಪಿದ ಬಣ್ಣ ಹಿಂದೆ ಎಳೆಯಾಗಿ ಹಾದುಹೋಗುತ್ತದೆ. ಈ ಹಿಂದಿನ ಎಳೆಯಲ್ಲೇ ಕಾಲುಚೀಲದ ಹಣೆಬರಹವಿದೆ. ಬಿಗಿಯಾದರೆ ಚಿತ್ತಾರ ಸುಕ್ಕುಗಟ್ಟಿ ಹಿಮ್ಮಡಿಯೇ ಒಳಗೆ ಇಳಿಯುವುದಿಲ್ಲ. ಸಡಿಲವಾದರೆ ತೊಡುವಾಗ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ. ಒಂದೇ ಬಣ್ಣ ಐದು ಕುಣಿಕೆಗಿಂತ ಹೆಚ್ಚು ಓಡಿದರೆ ಹಿಂದಿನ ಎಳೆಯನ್ನು ನಡುವೆ ಒಮ್ಮೆ ಸಿಕ್ಕಿಸಬೇಕು. ಕೈ ಬಿಗಿಯಿರುವವರು ಚೀಲವನ್ನು ಒಳಗುಹೊರಗು ಮಾಡಿಕೊಂಡು ಹೆಣೆದರೆ ಎಳೆ ಹೊರಸುತ್ತಿನಲ್ಲಿ ಹಾದು ತಾನಾಗಿ ತುಸು ಉದ್ದವಾಗುತ್ತದೆ. ಇನ್ನೊಂದು ನಿಯಮ: ಯಾವ ಎಳೆಯನ್ನು ಕೆಳಗಿನಿಂದ ತರುತ್ತಾರೋ ಆ ಬಣ್ಣ ಎದ್ದು ಕಾಣುತ್ತದೆ. ನಡುವೆ ಎದ್ದುಹೋಗಿ ಚಹಾ ಕುಡಿದು ಬಂದು ಎಳೆಗಳನ್ನು ಅದಲುಬದಲು ಹಿಡಿದರೆ, ಚಹಾ ಕುಡಿದದ್ದು ಎಷ್ಟನೆಯ ಸುತ್ತಿನಲ್ಲಿ ಎಂಬುದು ಬಟ್ಟೆಯಲ್ಲಿ ದಾಖಲಾಗಿ ಉಳಿಯುತ್ತದೆ.

ಸುತ್ತು ಹೆಣಿಗೆ ನಿಜವಾಗಿ ವೃತ್ತವಲ್ಲ, ಸುರುಳಿ. ಆದ್ದರಿಂದ ಸುತ್ತು ಕೊನೆಗೊಳ್ಳುವ ಕಡೆ ಚಿತ್ತಾರ ಒಂದು ಮೆಟ್ಟಿಲು ತಪ್ಪುತ್ತದೆ. ಇದಕ್ಕೆ ಪರಿಹಾರಗಳು ಹಲವು. ಎಲ್ಲಕ್ಕಿಂತ ಸುಲಭವಾದದ್ದು ಆ ಜಾಗವನ್ನು ಮೀನಖಂಡದ ಹಿಂದಕ್ಕೆ ತಳ್ಳುವುದು. ತೊಟ್ಟವರ ಕಣ್ಣಿಗಂತೂ ಅದು ಬೀಳುವುದಿಲ್ಲ.

ಕಾಲಿನ ಭಾಗ ಮುಗಿದ ಮೇಲೆ ಹಿಮ್ಮಡಿ. ನೇರ ಕೊಳವೆ ಇಲ್ಲಿ ಮೊಣಕೈಯಷ್ಟು ತಿರುಗಬೇಕು. ಅರ್ಧ ಕುಣಿಕೆಗಳನ್ನು, ಅಂದರೆ 36ನ್ನು, ಪಾದದ ಮೇಲ್ಭಾಗಕ್ಕೆಂದು ಹಾಗೇ ಬಿಟ್ಟು ಉಳಿದ 36ರ ಮೇಲೆ 36 ಸಾಲಿನ ಚೌಕ ಪಟ್ಟಿ ಹೆಣೆಯಬೇಕು. ಆಮೇಲೆ ಪ್ರತಿ ಸಾಲನ್ನೂ ಪೂರ್ತಿಮಾಡದೆ ಅರ್ಧದಲ್ಲೇ ಹಿಂದಿರುಗುತ್ತ, ತಿರುವಿನಲ್ಲಿ ಎರಡನ್ನು ಒಂದು ಮಾಡುತ್ತ ಹೋದರೆ 36 ಕುಣಿಕೆ 20ಕ್ಕೆ ಇಳಿದು, ಬಟ್ಟೆ ತಾನಾಗಿ ಬಟ್ಟಲಿನಂತೆ ಗುಂಡಗಾಗುತ್ತದೆ. ಯಾವ ಕೆಲಸವನ್ನೂ ಅರ್ಧಕ್ಕೆ ಬಿಡಬಾರದೆಂದು ಹಿರಿಯರು ಹೇಳುವುದುಂಟು. ಹಿಮ್ಮಡಿ ತಯಾರಾಗುವುದು ಅರ್ಧಕ್ಕೆ ಬಿಟ್ಟ ಸಾಲುಗಳಿಂದಲೇ. ಮೊದಲ ಸಲ ಇದನ್ನು ಮುಗಿಸಿದವರು ನೆರೆಮನೆಗೂ ಹೋಗಿ ತೋರಿಸಿ ಬರುತ್ತಾರೆ. ನೆರೆಮನೆಯವರು ಅದನ್ನು ಟೋಪಿಯೆಂದು ಹೊಗಳುತ್ತಾರೆ.

ಬಳಿಕ ಪಟ್ಟಿಯ ಎರಡು ಅಂಚಿನಿಂದ 18ರಂತೆ ಕುಣಿಕೆ ಎತ್ತಬೇಕು. 20, 36 ಮತ್ತು ಕಾದು ಕುಳಿತ 36 ಸೇರಿ 92. ಒಂದು ಸುತ್ತು ಬಿಟ್ಟು ಒಂದರಲ್ಲಿ ಎರಡೆರಡು ಕಡಿಮೆ ಮಾಡಿದರೆ 20 ಸುತ್ತಿಗೆ ಮತ್ತೆ 72 ಕೈಗೆ ಬರುತ್ತದೆ. ಪಾದದ ಭಾಗ ನೇರದಾರಿ. ಚಿತ್ತಾರವನ್ನು ಅಂಗಾಲಿಗೂ ಮುಂದುವರಿಸಬೇಕೆ ಎಂಬಲ್ಲಿ ಮಾತ್ರ ಭಿನ್ನಾಭಿಪ್ರಾಯವಿದೆ. ನೋಡುವವರಿಲ್ಲದ ಜಾಗಕ್ಕೆ ನಕ್ಷತ್ರವೇಕೆ ಎನ್ನುವವರು ಉಂಟು. ಎರಡು ಎಳೆಯ ಬಟ್ಟೆ ದಪ್ಪವಾಗಿ ಬೆಚ್ಚಗಿರುತ್ತದೆ ಎನ್ನುವುದು ಪ್ರತಿವಾದ. ಚಳಿಯ ಊರಿನಲ್ಲಿ ಎರಡನೆಯವರು ಗೆಲ್ಲುತ್ತಾರೆ.

ಹೆಬ್ಬೆರಳ ಬುಡ ತಲುಪಿದ ಮೇಲೆ ಪ್ರತಿ ಎರಡನೆಯ ಸುತ್ತಿಗೆ ನಾಲ್ಕು, ಕೊನೆಕೊನೆಗೆ ಪ್ರತಿ ಸುತ್ತಿಗೂ ನಾಲ್ಕು ಕುಣಿಕೆ ಇಳಿಸುತ್ತ 16 ಉಳಿದಾಗ ನಿಲ್ಲಿಸಬೇಕು. ಮೇಲಿನ ಎಂಟನ್ನೂ ಕೆಳಗಿನ ಎಂಟನ್ನೂ ದಬ್ಬಣದಿಂದ ಏಣು ಬಾರದಂತೆ ಬೆಸೆಯುವ ಹೊಲಿಗೆಗೆ ಲಾರ್ಡ್ ಕಿಚನರ್ ಹೆಸರಿದೆ. ಭಾರತದ ಸೇನಾಧಿಪತಿಯಾಗಿದ್ದು, ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಯುದ್ಧ ಸಚಿವನಾದ ಆತನಿಗೆ ಸಿಪಾಯಿಗಳ ಬೆರಳಿಗೆ ಹೊಲಿಗೆಯ ಏಣು ಒತ್ತುವ ಚಿಂತೆ ಹತ್ತಿತ್ತೆಂದು ಕಥೆ. ದಂಡಯಾತ್ರೆಗಳ ವಿವರ ಮರೆತವರೂ ಕಾಲ್ಬೆರಳ ತುದಿಯಲ್ಲಿ ಈ ದಂಡನಾಯಕನನ್ನು ನೆನೆಯುತ್ತಾರೆ.

ಅಲ್ಲಿಗೆ ಹತ್ತು ಸಾವಿರಕ್ಕೂ ಹೆಚ್ಚು ಕುಣಿಕೆ ಸೇರಿ ಒಂದು ಕಾಲುಚೀಲ ಸಿದ್ಧ. ಮನುಷ್ಯನಿಗೆ ಎರಡು ಕಾಲು ಎಂಬ ಅಂಶ ಈ ಹಂತದಲ್ಲಿ ಭಾರವಾಗಿ ತೋರುತ್ತದೆ. ಮೊದಲನೆಯದರಲ್ಲಿ ಕುತೂಹಲವಿತ್ತು, ಎರಡನೆಯದರಲ್ಲಿ ಇರುವುದು ಕರ್ತವ್ಯ. ಒಂಟಿ ಕಾಲುಚೀಲಗಳು ವರ್ಷಗಟ್ಟಲೆ ಬೀರುವಿನಲ್ಲಿ ಕಾಯುವುದಕ್ಕೆ ಇದೇ ಕಾರಣ. ಜತೆಗೆ ಕೈಯ ಬಿಗಿ ಮನಸ್ಸಿನ ಬಿಗಿಯನ್ನು ಹಿಂಬಾಲಿಸುತ್ತದೆ. ಮೊದಲನೆಯದನ್ನು ದಸರಾ ರಜೆಯಲ್ಲಿ, ಎರಡನೆಯದನ್ನು ಮಗನ ಪರೀಕ್ಷೆಯ ವಾರದಲ್ಲಿ ಹೆಣೆದರೆ ಎರಡನೆಯದು ಒಂದು ಸೈಜು ಚಿಕ್ಕದಾಗುತ್ತದೆ. ಸುತ್ತುಗಳ ಸಂಖ್ಯೆ ಬರೆದಿಟ್ಟುಕೊಳ್ಳುವುದು ಒಂದು ಉಪಾಯ. ಎರಡು ಜೊತೆ ಕಡ್ಡಿ ಇಟ್ಟುಕೊಂಡು ಎರಡನ್ನೂ ಸರದಿಯಲ್ಲಿ ಬೆಳೆಸುವುದು ಇನ್ನೂ ಒಳ್ಳೆಯದು. ಆಗ ಬೇಸರವೂ ಸಮಪಾಲಾಗುತ್ತದೆ.

ಮುಗಿದ ಜೋಡಿಯನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಹಿಂಡದೆ ಟವೆಲಿನಲ್ಲಿ ಒತ್ತಿ, ನೆರಳಲ್ಲಿ ಹರಡಬೇಕು. ಏರುಪೇರಾಗಿದ್ದ ಕುಣಿಕೆಗಳು ಸಮವಾಗುತ್ತವೆ. ಬಿಸಿನೀರಲ್ಲಿ ತಿಕ್ಕಿದರೆ ಉಣ್ಣೆಯೆಳೆಗಳ ಹೊರಪದರದ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡು ಚೀಲ ಕುಗ್ಗುತ್ತದೆ. ಆಗ ಅದು ಮನೆಯ ಕಿರಿಯ ಸದಸ್ಯರ ಪಾಲಿಗೆ ಹೋಗುತ್ತದೆ. ಸರಿಯಾಗಿ ಒಗೆದರೂ ಮೊದಲು ತೂತಾಗುವುದು ಹಿಮ್ಮಡಿ, ಆಮೇಲೆ ಹೆಬ್ಬೆರಳು. ಅದನ್ನು ರಫೂ ಮಾಡಲು ಅದೇ ಬಣ್ಣದ ನೂಲು ಬೇಕಾಗುವುದರಿಂದ ಉಳಿದ ಉಂಡೆಯನ್ನು ಎತ್ತಿಡುವುದು ಪದ್ಧತಿ. ಎತ್ತಿಟ್ಟ ಉಂಡೆ ತೂತಾಗುವವರೆಗೂ ಸುಮ್ಮನಿರುವುದು ಅಪರೂಪ. ಡಬ್ಬಿಯ ಮುಚ್ಚಳ ತೆಗೆದವರು ಅದನ್ನು ಕೈಯಲ್ಲಿ ತೂಗಿ ನೋಡಿ, 48 ಕುಣಿಕೆ ಎತ್ತಿದರೆ ಪುಟ್ಟ ಮಗುವಿನದೊಂದು ಜೋಡಿ ಆದೀತೆ ಎಂದು ಭಾಗಾಕಾರ ಶುರುಮಾಡುತ್ತಾರೆ.