ಗರಿಪಂಥ ಮತ್ತು ಕರುಳುಪಂಥ: ವರ್ತೂರು ಕೋಡಿಯಲ್ಲಿ ಡ್ರೈ ಫ್ಲೈ ಮೀಮಾಂಸೆ

ನದಿಯ ಟ್ರೌಟ್ ಮೀನಿಗೆ ಯಾವ ಡ್ರೈ ಫ್ಲೈ ಶ್ರೇಷ್ಠ ಎಂಬುದು ಪ್ರಶ್ನೆ. ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ವೈಟ್‌ಫೀಲ್ಡಿನಲ್ಲಿ ಫ್ಲ್ಯಾಟು, ಶನಿವಾರ ರಜೆ, ಆನ್‌ಲೈನಿನಲ್ಲಿ ತರಿಸಿದ ರಾಡು, ಈ ಮೂರೂ ಉಳ್ಳವನು. ನದಿ ಯಾವುದು? ದಕ್ಷಿಣ ಪಿನಾಕಿನಿ. ಬೆಳ್ಳಂದೂರು ಕೆರೆಯ ನೀರು ವರ್ತೂರು ಕೆರೆಗಿಳಿದು, ಅಲ್ಲಿನ ಕೋಡಿ ದಾಟಿ ಅದನ್ನೇ ಸೇರುತ್ತದೆ. ಟ್ರೌಟ್ ಎಲ್ಲಿ? ನೀಲಗಿರಿಯ ತಣ್ಣೀರಿನಲ್ಲಿ. ಇದು ಸಣ್ಣ ಆಕ್ಷೇಪ, ಪ್ರಬಂಧಕ್ಕೆ ಬಾಧಕವಲ್ಲ. ಇದಕ್ಕಿಂತ ಕಡಿಮೆ ಆಧಾರದ ಮೇಲೆ ಪಿಎಚ್‌ಡಿಗಳು ಪಾಸಾಗಿವೆ.

ಮೊದಲು ಪೂರ್ವಪಕ್ಷ. ಹುಂಜದ ಕತ್ತಿನ ಗರಿಯನ್ನು ಕೊಕ್ಕೆಗೆ ಸುತ್ತಿ, ನೀರ ಮೇಲೆ ಕೂತ ಹುಳುವಿನಂತೆ ತೇಲಿಸಬೇಕೆಂದು ಇಂಗ್ಲೆಂಡಿನ ಹಾಲ್ಫರ್ಡ್ 1886ರಲ್ಲೇ ಪುಸ್ತಕ ಬರೆದ. ಮೀನು ನೀರೊಳಗೂ ತಿನ್ನುತ್ತದಲ್ಲ ಎಂದು ಸ್ಕ್ಯೂಸ್ 1910ರಲ್ಲಿ ತಕರಾರು ತೆಗೆದ. ಜಗಳ ದಶಕಗಟ್ಟಲೆ ನಡೆಯಿತು. ಮೀನನ್ನು ಯಾರೂ ಕೇಳಲಿಲ್ಲ. ಕೊಕ್ಕೆಯ ನಂಬರು ಏರಿದಷ್ಟೂ ಕೊಕ್ಕೆ ಚಿಕ್ಕದಾಗುತ್ತದೆ, ಟೆಕ್ ಪಾರ್ಕಿನ ಪದನಾಮ ಉದ್ದವಾದಷ್ಟೂ ಕೆಲಸ ಕಿರಿದಾಗುವ ಹಾಗೆ.

ಆ ಹೊತ್ತಿಗೆ ನೀರಿನಿಂದ ಯಾವ ಹುಳು ಏಳುತ್ತದೋ ಅದನ್ನೇ ಹೋಲುವ ಫ್ಲೈ ಕಟ್ಟಬೇಕೆಂಬುದು ಗರಿಪಂಥದ ಮೂಲಸೂತ್ರ. ವರ್ತೂರಿನಲ್ಲಿ ಏಳುವುದು ಕೈರೋನೊಮಿಡ್ ಎಂಬ, ಕಚ್ಚದ ಗುಂಗುರು. ಇದರ ಮರಿ ರಕ್ತಗೆಂಪು, ಮೈಯಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ತೀರಾ ಕಡಿಮೆಯಿರುವ ಚರಂಡಿ ಕೆಸರಿನಲ್ಲೂ ಬದುಕುತ್ತದೆ. ತೇಲುವಿಕೆಯ ಚಿಂತೆಯೂ ಇಲ್ಲಿಲ್ಲ. ಸೋಪಿನ ನೊರೆ ಎದ್ದ ದಿನ ಎಸೆದ ಫ್ಲೈ ನೊರೆಯ ಮೇಲೆಯೇ ಕೂರುತ್ತದೆ, ನೀರನ್ನು ಮುಟ್ಟುವುದೇ ಇಲ್ಲ. ಇಷ್ಟು ಡ್ರೈ ಆದ ಫ್ಲೈ ಹಾಲ್ಫರ್ಡನಿಗೂ ದಕ್ಕಿರಲಾರದು. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಯೇ ಹೊತ್ತಿ ಉರಿದ ಮೇಲೆ, ಡ್ರೈ ಮತ್ತು ವೆಟ್ ಜೊತೆಗೆ ಫ್ರೈ ಎಂಬ ಮೂರನೆಯ ವರ್ಗವನ್ನೂ ಸೇರಿಸಬೇಕೆಂಬುದು ಪ್ರಸ್ತುತ ಲೇಖಕನ ಮತ.

ಇನ್ನು ಉತ್ತರಪಕ್ಷ. ಕೋಡಿಯ ಪಕ್ಕ ಬಿದಿರು ಕಡ್ಡಿ ಹಿಡಿದು ಕೂತಿದ್ದವನು ಬಸವಕಲ್ಯಾಣದ ಕಡೆಯ ಸೆಕ್ಯುರಿಟಿ ಗಾರ್ಡ್. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕೋಳಿ ಕರುಳು. ಒಂದು ತುಂಡು ಹಿಸಿದು, ಕೊಕ್ಕೆಗೆ ಮೂರು ಸುತ್ತು ಚುಚ್ಚಿ, ತುದಿ ಜೋಲುವಂತೆ ಬಿಟ್ಟ. ಬೆರಳನ್ನು ಯೂನಿಫಾರಂ ಪ್ಯಾಂಟಿಗೆ ಒರೆಸಿಕೊಂಡ.

“ಗರಿ ಯಾಕೆ ಕಟ್ಟಲ್ಲ ಅಣ್ಣ?”

“ಗರಿ ಯಾರ್ ತಿಂತಾರ್ರೀ ಸರ?”

ಹುಂಜ ಒಂದೇ, ದರ್ಶನ ಎರಡು. ಕರುಳುಪಂಥದ ಪ್ರಮಾಣ ಆಫ್ರಿಕನ್ ಕ್ಯಾಟ್‌ಫಿಶ್. ಅದು ಬಾಯಿಯನ್ನು ಮೇಲೆತ್ತಿ ಗಾಳಿಯನ್ನೇ ಉಸಿರಾಡಬಲ್ಲದು, ಹಾಗಾಗಿ ಟ್ರೌಟ್ ಗಳಿಗೆಯಲ್ಲಿ ಸಾಯುವ ನೀರಿನಲ್ಲಿ ಮೈ ಬೆಳೆಸುತ್ತದೆ. ಮೀಸೆಯಿಂದ ತಡಕಿ ವಾಸನೆ, ರುಚಿ ಹಿಡಿಯುವ ಪ್ರಾಣಿಗೆ ರೆಕ್ಕೆಯ ಬಣ್ಣ ಬೂದುವೋ ಆಲಿವ್ವೋ ಎಂಬ ಸೂಕ್ಷ್ಮ ಕಟ್ಟಿಕೊಂಡು ಏನಾಗಬೇಕು?

ಶಾಸ್ತ್ರದಲ್ಲಿ ಆಧಾರವಿದೆಯೇ ಎಂದರೆ, ಇದೆ. ಆ ಗಾರ್ಡಿನ ಊರಿನಿಂದಲೇ, ಅಂದರೆ ಕಲ್ಯಾಣದಿಂದ, ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗ ಮೀಸಲಿಟ್ಟು, ಯಾವ ಮೀನಿಗೆ ಯಾವ ತಿನಿಸು ಎಂದು ಬರೆಸಿದ್ದಾನೆ. ಕಾವೇರಿಯ ಭೀಮೇಶ್ವರಿಯಲ್ಲಿ ಮಹಶೀರ್ ಹಿಡಿಯಲು ದೇಶವಿದೇಶಗಳಿಂದ ಬಂದವರೂ ಕೊಕ್ಕೆಗೆ ಕಟ್ಟಿದ್ದು ರಾಗಿಮುದ್ದೆಯನ್ನೇ. ನಮ್ಮದು ಮೊದಲಿಂದಲೂ ಊಟದ ಪರಂಪರೆ.

ಉಳಿದದ್ದು ಒಂದು ಧರ್ಮಸಂಕಟ. ಗರಿಪಂಥದವರು ಹಿಡಿದ ಮೀನಿನ ಫೋಟೊ ತೆಗೆದು ನೀರಿಗೇ ಬಿಡುತ್ತಾರೆ. ಆದರೆ ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ, ಆದ್ದರಿಂದ ಬಿಟ್ಟರೆ ಕೆರೆಗೆ ದ್ರೋಹ. ತಿಂದರೆ ವರ್ತೂರಿನ ನೀರು ಹೊಟ್ಟೆಗೆ. ಈ ಬಗ್ಗೆ ಕೇಳಿದಾಗ ಗಾರ್ಡ್ ಹೇಳಿದ್ದು: “ನಾ ತಿನ್ನಂಗಿಲ್ರೀ ಸರ. ನಿಮ್ಮ ಅಪಾರ್ಟ್‌ಮೆಂಟ್ ಗೇಟಿನಾಗ ಮಾರತೀನಿ.”