ನವಕೃಷಿಕ ಮೀಮಾಂಸೆ: ಒಂದು ಪೀಠಿಕಾ ಪ್ರಬಂಧ

ತಿಂಗಳ ಕೊನೆಗೆ ಸಂಬಳವೆಂಬ ಫಸಲನ್ನು ಮಳೆಯ ಹಂಗಿಲ್ಲದೆ ಕೊಯ್ದುಕೊಂಡಿದ್ದ ಬೆಂಗಳೂರಿನ ಜೀವಿಯೊಂದು, ನಲವತ್ತರ ಆಸುಪಾಸಿನಲ್ಲಿ, ಯಾರ ಬಲವಂತವೂ ಇಲ್ಲದೆ, ಮಾಗಡಿ ಕಡೆಗೋ ಕನಕಪುರದ ಕಡೆಗೋ ಎರಡೆಕರೆ ಕೊಂಡರೆ ಅದನ್ನು ಪ್ರಸ್ತುತ ಪ್ರಬಂಧದಲ್ಲಿ ‘ನವಕೃಷಿಕ’ ಎಂದು ಗುರುತಿಸಲಾಗಿದೆ. ‘ನಮ್ಮಜ್ಜನ ಕಾಲದಲ್ಲಿ ನಮಗೂ ಜಮೀನಿತ್ತು’ ಎನ್ನುವುದು ಇವನ ಬಾಹ್ಯ ಲಕ್ಷಣ. ಅಜ್ಜ ಅದನ್ನು ಯಾಕೆ ಮಾರಿದರೆಂದು ಯಾರನ್ನೂ ಕೇಳದಿರುವುದು ಆಂತರಿಕ ಲಕ್ಷಣ.

ಈ ಪ್ರಭೇದ 2020ಕ್ಕೆ ಮೊದಲು ವಿರಳವಾಗಿತ್ತು. 1961ರ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಕೃಷಿಕನಲ್ಲದವನಿಗೂ, ಕೃಷಿಯೇತರ ವರಮಾನ 25 ಲಕ್ಷ ದಾಟಿದವನಿಗೂ ಹೊಲ ಕೊಳ್ಳಲು ಬಿಡುತ್ತಿರಲಿಲ್ಲ. ರೈತನಾಗಬೇಕಾದರೆ ಮೊದಲೇ ರೈತನಾಗಿರಬೇಕು ಎಂಬ ಈ ಬೀಜವೃಕ್ಷ ನ್ಯಾಯವನ್ನು 2020ರ ತಿದ್ದುಪಡಿ ಕಿತ್ತುಹಾಕಿತು. ಅಲ್ಲಿಂದಾಚೆಗೆ ಸಮಸ್ಯೆ ಕಾನೂನಿನಿಂದ ಕಳೆಗೆ ವರ್ಗವಾಗಿದೆ.

ನವಕೃಷಿಕನ ಮೂಲಗ್ರಂಥ ಪಹಣಿ. ಇದರ 9ನೇ ಕಾಲಂ ಒಡೆಯನ ಹೆಸರನ್ನು ಹೇಳಿದರೆ 11ನೇ ಕಾಲಂ ಅವನ ಋಣಗಳನ್ನು ಹೇಳುತ್ತದೆ. ಎರಡನೆಯದನ್ನು ಕೊಳ್ಳುವ ಮೊದಲು ಓದುವವರು, ಕೊಂಡ ಮೇಲೆ ಓದುವವರು ಎಂದು ಎರಡು ಪಂಥಗಳಿವೆ. ಎರಡನೆಯ ಪಂಥದವರು ವಕೀಲರಿಗೆ ಪ್ರಿಯರು. ಎರಡೆಕರೆಯೆಂದರೆ 80 ಗುಂಟೆ. ಅದರಲ್ಲಿ ಖರಾಬು ಕಳೆದು, ಬದು ಕಳೆದು, ಪಕ್ಕದವರು ತಲೆಮಾರುಗಳಿಂದ ನೇಗಿಲಲ್ಲಿ ಒತ್ತಿಕೊಂಡು ಬಂದದ್ದನ್ನೂ ಕಳೆದು ಉಳಿಯುವುದಕ್ಕೆ ಮುಳ್ಳುತಂತಿ ಹಾಕಿಸುವುದು ಪ್ರಥಮ ಸಂಸ್ಕಾರ. ಹಂದಿ ಅಡಿಯಿಂದ, ನವಿಲು ಮೇಲಿನಿಂದ ಬರುತ್ತವಾದ್ದರಿಂದ ತಂತಿಯ ಪ್ರಯೋಜನದ ಬಗ್ಗೆ ಚರ್ಚೆ ನಡೆಯುತ್ತಲೇ ಇದೆ.

ಇನ್ನು ಜಲಸಿದ್ಧಿ. ಪಕ್ಕದ ಹೊಲದ ಬೋರಿನಲ್ಲಿ ಎರಡಿಂಚು ನೀರು ಬಿದ್ದಿದೆ, ಆದಕಾರಣ ನಮ್ಮಲ್ಲೂ ಬೀಳತಕ್ಕದ್ದು ಎನ್ನುವುದು ಅನುಮಾನ ಪ್ರಮಾಣ. ಅಂಗೈ ಮೇಲಿನ ತೆಂಗಿನಕಾಯಿ ಜುಟ್ಟು ಮೇಲೆ ಮಾಡಿ ಎದ್ದು ನಿಂತಿತೆಂದು ಪಾಯಿಂಟ್ ತೋರಿಸುವವರ ಮಾತು ಶಬ್ದ ಪ್ರಮಾಣ. ಪ್ರತ್ಯಕ್ಷಕ್ಕೆ ಮಾತ್ರ ಅಡಿಗಿಷ್ಟೆಂದು ದುಡ್ಡು ತೆರಬೇಕು. ಲಾರಿ ಬೂದು ದೂಳು ಉಗುಳಲು ಶುರುಮಾಡಿದಾಗ ಹೆಂಡತಿ ಮಕ್ಕಳು, ಭಾವಮೈದುನ, ಪೂಜೆಗೆ ಬಂದವರು ಎಲ್ಲರೂ ಇರುತ್ತಾರೆ. 300 ಅಡಿಗೆ ಮಕ್ಕಳು ಕಾರಿಗೆ ಹತ್ತುತ್ತಾರೆ. 600 ಅಡಿಗೆ ಭಾವಮೈದುನನಿಗೆ ಫೋನು ಬರುತ್ತದೆ. ಕೋಲಾರದ ಕಡೆಯಾದರೆ ಸಾವಿರ ಅಡಿ ದಾಟಿದ ಮೇಲೂ ಆಶಾವಾದ ಮುಂದುವರಿಯುತ್ತದೆಂದು ಬಲ್ಲವರು ಹೇಳುತ್ತಾರೆ. ನೀರು ಸಿಕ್ಕಿತೆನ್ನೋಣ. 10 ಅಶ್ವಶಕ್ತಿಯವರೆಗಿನ ಪಂಪಿಗೆ ಕರೆಂಟು ಉಚಿತ, ದಿನಕ್ಕೆ 7 ತಾಸು ತ್ರೀಫೇಸ್. ಆ ತಾಸುಗಳು ಎಷ್ಟೋ ಸಲ ನಡುರಾತ್ರಿಯಲ್ಲೇ ಬರುವುದರಿಂದ ಅಮೆರಿಕದ ಕ್ಲೈಂಟುಗಳ ಜತೆ ರಾತ್ರಿಯೆಲ್ಲ ಮಾತಾಡಿದ ಪೂರ್ವಾನುಭವ ನವಕೃಷಿಕನಿಗೆ ಇಲ್ಲಿ ಒದಗುತ್ತದೆ. ಹಳೆಯ ವಿದ್ಯೆ ಹೊಲದಲ್ಲಿ ಕೈಹಿಡಿಯುವ ಏಕೈಕ ಸಂದರ್ಭವಿದು.

ಸಿದ್ಧಾಂತಭಾಗಕ್ಕೆ ಇವನು ಜಪಾನಿನ ಮಸನೊಬು ಫುಕುವೋಕಾ ಅವರನ್ನು ಆಶ್ರಯಿಸುತ್ತಾನೆ. ತೇಜಸ್ವಿಯವರ ‘ಸಹಜ ಕೃಷಿ’ಯ ಮೂಲಕ ಕನ್ನಡಿಗರಿಗೆ ಹತ್ತಿರವಾದ ಫುಕುವೋಕಾ ಉಳಬೇಡಿ, ಗೊಬ್ಬರ ಹಾಕಬೇಡಿ, ಔಷಧಿ ಹೊಡೆಯಬೇಡಿ ಎಂದರು. ನವಕೃಷಿಕನಿಗೆ ಇದರಲ್ಲಿ ‘ಬೇಡಿ’ಗಳೆಲ್ಲ ಬಾಯಿಪಾಠ. ಅವರು ಆರಂಭದಲ್ಲಿ ತಂದೆಯ ಕಿತ್ತಳೆ ತೋಟವನ್ನು ಸವರದೆ ಹಾಗೇ ಬಿಟ್ಟು ಮರಗಳನ್ನು ಕಳೆದುಕೊಂಡ ಪ್ರಸಂಗ ಬರುವ ಹೊತ್ತಿಗೆ ಮಾತ್ರ ಓದುಗನಿಗೆ ನಿದ್ದೆ ಬಂದಿರುತ್ತದೆ. ಆಮೇಲೆ ‘ಶೂನ್ಯ ಬಂಡವಾಳ’ ಕೃಷಿಯ ಪ್ರತಿಪಾದಕ ಪಾಳೇಕರರ ಜೀವಾಮೃತ: 200 ಲೀಟರ್ ನೀರಿಗೆ 10 ಕೆಜಿ ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ನಾಟಿ ಹಸು ಇಲ್ಲದವನು ಸಗಣಿಯನ್ನು ಪಕ್ಕದ ಮನೆಯಿಂದ ಕ್ರಯಕ್ಕೆ ತರುತ್ತಾನೆ. ‘ಶೂನ್ಯ ಬಂಡವಾಳ’ದ ಲೆಕ್ಕದ ಪುಸ್ತಕ ತೆರೆಯುವುದು ಇಲ್ಲಿಂದ.

ಆದರೆ ಬಿತ್ತನೆಗೆ ಇವೆಲ್ಲಕ್ಕಿಂತ ಪ್ರಬಲವಾದ ಆಕರವೊಂದಿದೆ: ಬದುವಿನಾಚೆಯ ಅಜ್ಜ. ಆಪ್ ನೋಡಿ, ತೇವಾಂಶದ ಮೀಟರು ನೆಟ್ಟು, ನವಕೃಷಿಕ ಕೂರಿಗೆ ಕಟ್ಟಿಸಲು ಹೊರಟಾಗ ಅಜ್ಜ ಬಗ್ಗಿ ಒಂದು ಹಿಡಿ ಮಣ್ಣೆತ್ತಿ, ಮುಷ್ಟಿಯಲ್ಲಿ ಹಿಸುಕಿ, ಕೈಬಿಡುತ್ತಾನೆ. ಉಂಡೆ ನೆಲಕ್ಕೆ ಬಿದ್ದು ಒಡೆಯದೆ ಚಪ್ಪಟೆಯಾಗುತ್ತದೆ.

‘ಇನ್ನೂ ಹದ ಬಂದಿಲ್ಲ ಸಾ.’

‘ಯಾವಾಗ ಬರುತ್ತೆ ಯಜಮಾನ್ರೇ?’

‘ಉಂಡೆ ಬಿದ್ದು ಉದುರ್ದಾಗ.’

ಇಷ್ಟು ಕಡಿಮೆ ಮಾತಿನ ಮಾರ್ಗದರ್ಶಕರು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಿಗುವುದು ಕಷ್ಟ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು ಹಾಕಲು ಹೇಳುವವನೂ ಅಜ್ಜನೇ. ಅದನ್ನು ‘ಬಹುಬೆಳೆ ಮಾದರಿ’ಯೆಂದು ಸ್ಲೈಡು ಮಾಡಿ ವಾರಾಂತ್ಯದ ಅತಿಥಿಗಳಿಗೆ ವಿವರಿಸುವುದು ನವಕೃಷಿಕನ ಸ್ವತಂತ್ರ ಕೊಡುಗೆ.

ಫಲಶ್ರುತಿಯಲ್ಲಿ ಒಂದು ತೊಡಕಿದೆ. 2024-25ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,290 ರೂಪಾಯಿ. ಆ ಬೆಲೆಗೆ ಕೊಡಬೇಕಾದರೆ ರೈತನ ಗುರುತಿನ ಸಂಖ್ಯೆ ಬೇಕು, ಬೆಳೆ ಸಮೀಕ್ಷೆಯಲ್ಲಿ ಹೊಲದಲ್ಲಿರುವುದು ರಾಗಿಯೆಂದು ದಾಖಲಾಗಿರಬೇಕು. ನವಕೃಷಿಕನ ದಾಖಲೆಯಲ್ಲಿ ಹಿಂದಿನ ಒಡೆಯನ ನೀಲಗಿರಿ ತೋಪೇ ಇನ್ನೂ ನಳನಳಿಸುತ್ತಿರುತ್ತದೆ. ‘ವಾದ ಮಾಡ್ಬೇಡಿ ಸಾ, ನಂದು ಹೋದ್ವರ್ಷ ಹುಣಸೆ ಆಗಿತ್ತು’ ಎಂದು ಅಜ್ಜ ಸಮಾಧಾನ ಹೇಳುತ್ತಾನೆ. ರಾಗಿ ಕಡೆಗೆ ಒಂದೊಂದು ಕೆಜಿಯ ಪೊಟ್ಟಣವಾಗಿ ಅಪಾರ್ಟ್‌ಮೆಂಟಿಗೆ ಹೋಗುತ್ತದೆ. ಕೊಂಡವರು ಕಲ್ಲಿದೆಯೇ ಎಂದು ಕೇಳುತ್ತಾರೆ, ಇದೆ.

ಆದುದರಿಂದ ಮುಂದಿನ ವರ್ಷಕ್ಕೆ ಅಡಿಕೆ. 9 ಅಡಿ ಅಂತರಕ್ಕೆ ಎಕರೆಗೆ ಸುಮಾರು 540 ಸಸಿ ಕೂರುತ್ತವೆ, ಫಸಲಿಗೆ ಐದಾರು ವರ್ಷ ಕಾಯಬೇಕು. ಅಲ್ಲಿಯವರೆಗೆ ಲಾಭ ಎಷ್ಟು ಬಂತೆಂದು ಮನೆಯಲ್ಲಿ ಯಾರೂ ಕೇಳುವಂತಿಲ್ಲ. ಈ ಬೆಳೆ ನವಕೃಷಿಕರಲ್ಲಿ ಇಷ್ಟು ಜನಪ್ರಿಯವಾಗಲು ಇದಲ್ಲದೆ ಬೇರೆ ಕಾರಣ ಪ್ರಬಂಧಕಾರನಿಗೆ ಕಂಡುಬಂದಿಲ್ಲ.