ಕ್ಯಾನ್ ಎತ್ತೋರು ಯಾರು?

ಎಚ್‌ಎಸ್‌ಆರ್ ಲೇಔಟಿನ ನಮ್ಮ ಮನೆ ಮಹಡಿಯಲ್ಲಿ ಒಂದು ಸ್ಟಾರ್ಟಪ್ ಬಾಡಿಗೆಗಿದೆ. ಒಟ್ಟು ಆರು ಜನ. ಆರೂ ಮಂದಿ ಐಐಟಿ, ಆರೂ ಮಂದಿ ಕೋ-ಫೌಂಡರ್. ಸಿಇಒ, ಸಿಟಿಒ ಅಂತ ಆರು ಹುದ್ದೆ ಹಂಚಿಕೊಂಡ ಮೇಲೆ ಕೆಲಸ ಮಾಡುವವನ ಹುದ್ದೆ ಒಂದು ಮಿಕ್ಕಿತು. ಅದನ್ನು ಯಾರೂ ಮುಟ್ಟಿಲ್ಲ.

ಪಾಲನ್ನೂ ಸಮಸಮ ಹಂಚಿಕೊಂಡಿದ್ದಾರೆ, ತಲೆಗೆ 16.66 ಪರ್ಸೆಂಟ್. ಉಳಿದ 0.04 ಯಾರಿಗೆ ಅನ್ನುವುದಕ್ಕೆ ಎರಡು ರಾತ್ರಿ ಜಗಳ ನಡೆಯಿತು. ಕೆಳಗೆ ನಮಗೂ ನಿದ್ದೆಯಿಲ್ಲ.

ಮೊನ್ನೆ ಬಾಡಿಗೆ ಕೇಳೋಣ ಅಂತ ಮೇಲೆ ಹೋದೆ. ಡಿಸ್ಪೆನ್ಸರ್ ಮೇಲಿದ್ದ ನೀರಿನ ಕ್ಯಾನ್ ಖಾಲಿ. ಪಕ್ಕದಲ್ಲೇ ಇಪ್ಪತ್ತು ಲೀಟರಿನ ತುಂಬಿದ ಕ್ಯಾನ್, ಸೀಲ್ ಕೂಡ ಒಡೆಯದೆ ಕೂತಿದೆ. ಎದುರಿಗೆ ವೈಟ್‌ಬೋರ್ಡು, ಅದರ ತುಂಬ ಬಾಣದ ಗುರುತು. ಬಾಯಾರಿಕೆ ನಿಜವಾದ ಸಮಸ್ಯೆಯೋ ಅಲ್ಲವೋ ಅಂತ ಮೊದಲು ವ್ಯಾಲಿಡೇಟ್ ಮಾಡಬೇಕು ಅನ್ನುತ್ತಾನೆ ಒಬ್ಬ, ಒಣಗಿದ ತುಟಿಯಲ್ಲಿ. ಕ್ಯಾನ್ ಎತ್ತುವುದು ಸ್ಕೇಲ್ ಆಗಲ್ಲ ಅಂತ ಇನ್ನೊಬ್ಬ. ಮೂರನೆಯವನು ಆಗಲೇ ಸ್ಲ್ಯಾಕ್‌ನಲ್ಲಿ ನೀರಿಗೇ ಒಂದು ಚಾನೆಲ್ ತೆರೆದಿದ್ದಾನೆ. ಮೆಸೇಜು ನಲವತ್ತೆಂಟು, ನೀರು ಒಂದು ತೊಟ್ಟೂ ಇಲ್ಲ.

ಈ ಕಾಯಿಲೆ ಹಳೆಯದು. ಇಂಗ್ಲೆಂಡಿನ ಹೆನ್ಲಿ ಕಾಲೇಜಿನಲ್ಲಿ ಮೆರೆಡಿತ್ ಬೆಲ್ಬಿನ್ ಅನ್ನುವವರು, ಪರೀಕ್ಷೆಯಲ್ಲಿ ಅತಿ ಬುದ್ಧಿವಂತರು ಅನಿಸಿಕೊಂಡವರನ್ನೇ ಆರಿಸಿ ತಂಡ ಕಟ್ಟಿ, ಬಿಸಿನೆಸ್ ಆಟಕ್ಕೆ ಬಿಟ್ಟು ನೋಡಿದರು. ಅಪೊಲೊ ತಂಡಗಳು ಅಂತ ಹೆಸರು. ಅಂಥ 25 ತಂಡಗಳಲ್ಲಿ ಮೊದಲ ಸ್ಥಾನ ಬಂದದ್ದು ಬರೀ 3ಕ್ಕೆ. ಉಳಿದವರು ಏನು ಮಾಡಿದರು? ಒಬ್ಬರ ವಾದದಲ್ಲಿ ಒಬ್ಬರು ತೂತು ಹುಡುಕಿದರು. ಮಾಡಲೇಬೇಕಾದ ಸಪ್ಪೆ ಕೆಲಸ ಹಾಗೇ ಬಿದ್ದಿತ್ತು. ಬೆಲ್ಬಿನ್ ಇದನ್ನು 1981ರ ತಮ್ಮ ಪುಸ್ತಕದಲ್ಲಿ ಬರೆದರು. ನಮ್ಮ ಮಹಡಿಯ ಕಪಾಟಿನಲ್ಲಿ ಮ್ಯಾನೇಜ್‌ಮೆಂಟ್ ಪುಸ್ತಕಗಳೇ ತುಂಬಿವೆ. ಅದರಲ್ಲಿ ಕೆಲವು ಸದ್ಯ ಹೊರಬಂದು ಎರಡು ಲ್ಯಾಪ್‌ಟಾಪಿಗೆ ಎತ್ತರ ಕೊಡುತ್ತಿವೆ.

ಹಾಗಾದರೆ ಈ ಆರು ಜನ ಕಂಪನಿ ಬಿಟ್ಟು ಹೋಗಬಾರದೇ ಅಂತೀರಾ? ಹೇಗೆ ಹೋಗುತ್ತಾರೆ! ಷೇರು ಪೂರ್ತಿ ಕೈಸೇರಲು ನಾಲ್ಕು ವರ್ಷ ಬೇಕಂತೆ. ಮೊದಲ ವರ್ಷ ತುಂಬುವ ಮುಂಚೆ ಎದ್ದರೆ ಒಂದು ಷೇರೂ ಇಲ್ಲ. ಇದಕ್ಕೆ ಕ್ಲಿಫ್ ಅನ್ನುತ್ತಾರೆ, ಅಂದರೆ ಬಂಡೆಯ ಅಂಚು. ಈಗ ಹನ್ನೊಂದನೇ ತಿಂಗಳು. ಹಾಗಾಗಿ ಮಹಡಿ ಮೇಲೆ ಭಾರೀ ಸೌಹಾರ್ದ. 'ಒಳ್ಳೇ ಪಾಯಿಂಟ್ ಬ್ರೋ' ಅನ್ನುವ ಮಾತು ಗೋಡೆ ದಾಟಿ ಕೇಳಿಸುತ್ತದೆ. ನಮ್ಮ ಕಡೆ ಗದ್ದೆ ಭಾಗ ಆಗುವವರೆಗೂ ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರಲ್ಲ, ಹಾಗೆ.

ಕೊನೆಗೆ ಸೊಂಟ ಹಿಡಿದುಕೊಂಡು ನಾನೇ ಕ್ಯಾನ್ ಎತ್ತಿ ಕೂರಿಸಿದೆ. ಗುಳುಗುಳು ಅಂತ ಗುಳ್ಳೆ ಎದ್ದವು. ಆರೂ ಜನ ಚಪ್ಪಾಳೆ ಹೊಡೆದರು. ಒಬ್ಬನಂತೂ ಕಣ್ಣಲ್ಲಿ ನೀರು ತಂದುಕೊಂಡು, "ಅಂಕಲ್, ನೀವು ನಮಗೆ ಅಡ್ವೈಸರ್ ಆಗಬೇಕು. 0.04 ಪರ್ಸೆಂಟ್ ಇನ್ನೂ ಹಾಗೇ ಇದೆ" ಅಂದ.

"ಅದೇನೂ ಬೇಡಪ್ಪ, ಎರಡು ತಿಂಗಳ ಬಾಡಿಗೆ ಕೊಡಿ ಸಾಕು" ಅಂದೆ.

ಆರೂ ಜನ ಮುಖ ಮುಖ ನೋಡಿಕೊಂಡರು. ಯಾರೋ ವೈಟ್‌ಬೋರ್ಡಿನ ಮೂಲೆ ಒರೆಸಿ ಹೊಸದೊಂದು ಬಾಣ ಎಳೆದ.

"ಅಂಕಲ್, ಬಾಡಿಗೆಗೆ ಓನರ್ ಯಾರು ಅಂತಲೇ ಇನ್ನೂ ಡಿಸೈಡ್ ಆಗಿಲ್ಲ."